ತುಂಬಿದ ಮಣ್ಣಿನ ಮೇಲೆ ಮನೆ: ಬೇಸಿಗೆಯ ಗಟ್ಟಿತನವನ್ನು ಯಾಕೆ ನಂಬಬಾರದು

ಅಡಿಕೆ ಕೊಯ್ಲು ಮುಗಿಯುತ್ತಿದ್ದ ಹಾಗೆ ಮಲೆನಾಡಿನಲ್ಲಿ ಇನ್ನೊಂದು ಸುಗ್ಗಿ ಶುರುವಾಗುತ್ತದೆ, ಜೆಸಿಬಿಗಳ ಸುಗ್ಗಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋಗುವಾಗ ರಸ್ತೆ ಪಕ್ಕ ನೋಡಿ. ಗುಡ್ಡದ ಓರೆಯಲ್ಲಿ ಹಿಟಾಚಿ ನಿಂತಿರುತ್ತದೆ. ಮೇಲಿನ ಭಾಗ ಕಡಿದು, ಕಡಿದ ಮಣ್ಣನ್ನು ಕೆಳಗಿನ ಇಳಿಜಾರಿಗೆ ನೂಕಿ, ಎರಡು ಮೂರು ದಿನದಲ್ಲಿ ಮನೆ, ಅಂಗಳ, ಕಾರು ನಿಲ್ಲಿಸುವ ಜಾಗ ಎಲ್ಲಕ್ಕೂ ಸಾಕಾಗುವಷ್ಟು ಸಮತಟ್ಟು ಮಾಡಿಕೊಡುತ್ತದೆ. ನೋಡುವುದಕ್ಕೆ ಅದು ಒಂದೇ ನೆಲ. ಆದರೆ ಅಲ್ಲಿರುವುದು ಎರಡು ನೆಲ. ಧರೆಯ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆಯ, ಕಡೆಯ ಅರ್ಧ ಹುಟ್ಟು ನೆಲ, ತಲೆತಲಾಂತರದ ಮಳೆ ಬಿಸಿಲು ಉಂಡು ಕೂತದ್ದು. ಕಣಿವೆಯ ಕಡೆಯ ಅರ್ಧ ಮೊನ್ನೆ ಸುರಿದ ಮಣ್ಣು. ಮನೆ ಎರಡರ ಮೇಲೂ ಒಂದೊಂದು ಕಾಲಿಟ್ಟು ನಿಲ್ಲುತ್ತದೆ.

ನನ್ನ ಅಕ್ಕನ ಮನೆ ನಿಂತಿರುವುದು ಹೀಗೇ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿ, ಮನೆಯ ಹಿಂದೆ ಎರಡಾಳು ಎತ್ತರದ ಧರೆ, ಮುಂದೆ ಸುಮಾರು ಮೂರು ಮೀಟರ್ ತುಂಬಿದ ಮಣ್ಣು. ಬೇಸಿಗೆಯಲ್ಲಿ ತುಂಬಿಸಿದರು, ಅದೇ ಬೇಸಿಗೆಯಲ್ಲಿ ಪಾಯ ಎತ್ತಿದರು, ಮುಂದಿನ ವರ್ಷ ಮೇ ತಿಂಗಳಲ್ಲಿ ಗೃಹಪ್ರವೇಶ. ಪುನರ್ವಸು ಮಳೆ ಹಿಡಿದು ಹತ್ತು ದಿನ ಆಗಿರಬೇಕು, ಅಕ್ಕ ಫೋನ್ ಮಾಡಿದಳು. ‘ನಡುಮನೆ ಕಿಟಕಿ ಮೂಲೆಯಿಂದ ಗೋಡೆ ಸೀಳಿದೆ ಕಣೋ. ನಿನ್ನೆ ಕೂದಲೆಳೆ ಇತ್ತು, ಇವತ್ತು ಬಸ್ ಟಿಕೆಟ್ ತೂರತ್ತೆ.’ ಭಾವ ಪಕ್ಕದಿಂದ ಹೇಳುತ್ತಿದ್ದರು: ‘ಮಣ್ಣು ಕಲ್ಲಿನ ಹಾಗಿತ್ತು ಮಾರಾಯ, ಪಾಯ ತೋಡುವಾಗ ಹಾರೆ ಇಳೀತಿರಲಿಲ್ಲ.’

ಆ ಮಾತು ಸುಳ್ಳಲ್ಲ. ಹಾರೆ ನಿಜವಾಗಿಯೂ ಇಳಿದಿರಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಹಾರೆಯನ್ನು ತಡೆದ ಗಟ್ಟಿತನ ಜುಲೈನಲ್ಲಿ ಮನೆಯನ್ನು ಹೊರುವ ಗಟ್ಟಿತನವಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಅಡಿಕೆ ದುಡ್ಡು, ಬ್ಯಾಂಕಿನ ಸಾಲ ಎಲ್ಲವನ್ನೂ ಸುರಿದು ಕಟ್ಟಿದ ಮನೆಯಲ್ಲಿ ಪ್ರತಿ ಮಳೆಗಾಲ ಗೋಡೆ ನೋಡಿಕೊಂಡು ಕೂರುವ ಹಾಗಾಗಿದೆ. ಅದಕ್ಕಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಡಿಕೆ ಗುಂಡಿಯ ಲೆಕ್ಕ

ಅಡಿಕೆ ಸಸಿ ನೆಡುವುದಕ್ಕೆ ಗುಂಡಿ ತೆಗೆದವರಿಗೆಲ್ಲ ಇದು ಗೊತ್ತು. ತೆಗೆದ ಮಣ್ಣನ್ನೆಲ್ಲ ಅದೇ ಗುಂಡಿಗೆ ವಾಪಸ್ ಹಾಕಿದರೆ ಹಿಡಿಸುವುದಿಲ್ಲ, ಮೇಲೆ ಗುಪ್ಪೆ ಉಳಿಯುತ್ತದೆ. ಎರಡು ಮಳೆಗಾಲ ಕಳೆದು ನೋಡಿದರೆ ಗುಪ್ಪೆ ಇದ್ದ ಜಾಗದಲ್ಲಿ ತಗ್ಗು. ಮಣ್ಣು ಅಷ್ಟೇ, ಬದಲಾದದ್ದು ಕಣಗಳ ನಡುವಿನ ಗಾಳಿ. ಗುಡ್ಡದಲ್ಲಿ ಒಂದು ಪಾಲು ಜಾಗ ಹಿಡಿದಿದ್ದ ಮಣ್ಣು ಅಗೆದು ಸುರಿದಾಗ ಸುಮಾರು ಒಂದೂಕಾಲು ಪಾಲಾಗುತ್ತದೆ. ಚೆನ್ನಾಗಿ ದಮ್ಮಸು ಮಾಡಿದರೆ, ಅಂದರೆ ಬಡಿದು ಒತ್ತಿದರೆ, ಅದೇ ಮಣ್ಣು ಒಂದು ಪಾಲಿಗಿಂತ ಕಡಿಮೆಯಾಗುವುದೂ ಉಂಟು. ಕುಡಿಯುವ ನೀರಿನ ಪೈಪಿಗೆಂದು ಊರ ರಸ್ತೆ ಅಗೆದು ಮುಚ್ಚಿದ ಮೇಲೆ ಮಳೆಗಾಲದಲ್ಲಿ ಉದ್ದಕ್ಕೂ ಬೀಳುವ ಹಳ್ಳ ಈ ಗಾಳಿಯದ್ದೇ ಕೆಲಸ.

ಮನೆಯ ಕೆಳಗೆ ಇದರ ಲೆಕ್ಕ ಹೀಗೆ ಹಾಕಬಹುದು. ಒಂದು ಕೆಂಪು ಮಣ್ಣನ್ನು ಪ್ರಯೋಗಾಲಯದಲ್ಲಿ ಬಡಿದು ನೋಡಿದಾಗ ಅದರ ಅತಿ ಹೆಚ್ಚಿನ ಒಣ ಸಾಂದ್ರತೆ (ನೀರಿನ ತೂಕ ಬಿಟ್ಟು ಬರೀ ಮಣ್ಣಿನ ತೂಕ) ಘನ ಸೆಂಟಿಮೀಟರಿಗೆ 1.75 ಗ್ರಾಂ ಬಂತು ಎಂದಿಟ್ಟುಕೊಳ್ಳಿ. ಸೈಟಿನಲ್ಲಿ ತುಂಬಿದ್ದು ಬರೀ 1.55. ನೂರಕ್ಕೆ 89ರ ಹತ್ತಿರ. ಅಷ್ಟು ಸಾಕಲ್ಲವಾ ಎನಿಸುತ್ತದೆ, ಪರೀಕ್ಷೆಯ ಅಂಕದ ಹಾಗೆ. ಆದರೆ ಆ ಮೂರು ಮೀಟರ್ ಮಣ್ಣು ಮುಂದೊಂದು ದಿನ ನೂರಕ್ಕೆ 95ರಷ್ಟು ಒತ್ತಾದರೆ ನೆಲದ ಮಟ್ಟ ಸುಮಾರು 20 ಸೆಂಟಿಮೀಟರ್ ಇಳಿದಿರುತ್ತದೆ. ಅಷ್ಟೂ ಇಳಿಯಬೇಕೆಂದಿಲ್ಲ. ಕಾಲು ಭಾಗ ಇಳಿದರೂ 5 ಸೆಂಟಿಮೀಟರ್. ಗೋಡೆ ಬಿರಿಯಲು ಎಷ್ಟು ಬೇಕು ಎನ್ನುವುದನ್ನು ಮುಂದೆ ಹೇಳುತ್ತೇನೆ, ಅದು ಇದಕ್ಕಿಂತ ತುಂಬಾ ಕಡಿಮೆ.

ಗದ್ದೆಯ ಹೆಂಟೆ ಹೇಳುವ ವಿಷಯ

ಈಗ ಭಾವನ ಹಾರೆಯ ಪ್ರಶ್ನೆ. ಇಷ್ಟೊಂದು ಗಾಳಿ ತುಂಬಿಕೊಂಡ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಹೇಗೆ ಇರುತ್ತದೆ?

ಮಾರ್ಚ್‌ನಲ್ಲಿ ಉತ್ತ ಗದ್ದೆಯಲ್ಲಿ ಒಂದು ಹೆಂಟೆ ಎತ್ತಿ ನೋಡಿ. ಕಾಲಿನಿಂದ ಒದ್ದರೆ ಕಾಲಿಗೇ ಪೆಟ್ಟು. ಅದೇ ಹೆಂಟೆಯನ್ನು ಬಕೆಟ್ ನೀರಿಗೆ ಹಾಕಿ. ಗುಳುಗುಳು ಗಾಳಿ ಬಿಟ್ಟು, ಸ್ವಲ್ಪ ಹೊತ್ತಿನಲ್ಲೇ ಕರಗಿ ತಳ ಸೇರುತ್ತದೆ. ಅದನ್ನು ಗಟ್ಟಿ ಹಿಡಿದಿದ್ದದ್ದು ಕಣಗಳ ಸಂದಿಯಲ್ಲಿ ಉಳಿದಿದ್ದ ಚೂರೇ ಚೂರು ನೀರು. ಎರಡು ಗಾಜಿನ ಹಲಗೆಗಳ ನಡುವೆ ಒಂದು ತೊಟ್ಟು ನೀರು ಬಿದ್ದರೆ ಅವನ್ನು ಬಿಡಿಸುವುದು ಕಷ್ಟವಾಗುತ್ತದಲ್ಲ, ಹಾಗೆ. ಮಣ್ಣು ಒಣಗಿದಷ್ಟೂ ಸಂದಿಯ ನೀರು ಕಣಗಳನ್ನು ಇನ್ನೂ ಬಲವಾಗಿ ಒಂದಕ್ಕೊಂದು ಎಳೆದುಕೊಳ್ಳುತ್ತದೆ. ಮಣ್ಣಿನ ವಿಜ್ಞಾನದಲ್ಲಿ ಇದನ್ನು ಹೀರುಬಲ ಎನ್ನಬಹುದು. ಸಂದಿ ಪೂರ್ತಿ ನೀರಿನಿಂದ ತುಂಬಿದ ಕ್ಷಣ ಈ ಎಳೆತ ಇಲ್ಲವಾಗುತ್ತದೆ.

ಒಣ ಮಣ್ಣನ್ನು ತಂದು ಸುರಿದಾಗ ಒಳಗೆ ಆಗುವುದು ಇದೇ. ಮಣ್ಣು ಹಿಟ್ಟಿನಂತೆ ಕೂರುವುದಿಲ್ಲ, ಹೆಂಟೆ ಹೆಂಟೆಯಾಗಿ ಒಂದರ ಮೇಲೊಂದು ನಿಲ್ಲುತ್ತದೆ. ನಡುನಡುವೆ ದೊಡ್ಡ ಪೊಳ್ಳು. ಪ್ರತಿ ಹೆಂಟೆಯೂ ಹೀರುಬಲದಿಂದ ಗಟ್ಟಿಯಾಗಿರುವುದರಿಂದ ಇಡೀ ರಾಶಿ ಗಟ್ಟಿಯಾಗಿಯೇ ಕಾಣುತ್ತದೆ. ಮೇಲೆ ಪಾಯ ಬಂದರೂ ಹೊರುತ್ತದೆ, ಗೋಡೆ ಬಂದರೂ ಹೊರುತ್ತದೆ. ಮಳೆಗಾಲದಲ್ಲಿ ನೀರು ಒಳಗಿಳಿದಾಗ ಹೆಂಟೆಗಳು ಮೆತ್ತಗಾಗಿ ಪೊಳ್ಳುಗಳ ಒಳಕ್ಕೆ ಜಾರುತ್ತವೆ. ಮೇಲಿನ ಭಾರ ಒಂದು ಗ್ರಾಂ ಕೂಡ ಹೆಚ್ಚಿಲ್ಲ, ಆದರೂ ನೆಲ ಕೂರುತ್ತದೆ. ಇದನ್ನು ನೆನೆದ ಕುಸಿತ ಎಂದು ಕರೆಯೋಣ. ನಿಧಾನವಾಗಿ ವರ್ಷಗಟ್ಟಲೆ ಕೂರುವ ಬಗೆಯಲ್ಲ ಇದು. ಒಳ್ಳೆ ಮಳೆ ಹಿಡಿದರೆ ಕೆಲವೇ ದಿನದಲ್ಲಿ ಆಗಿಬಿಡುತ್ತದೆ. ಅಕ್ಕ ಹೇಳಿದ ‘ನಿನ್ನೆ ಕೂದಲೆಳೆ, ಇವತ್ತು ಬಸ್ ಟಿಕೆಟ್’ ಎಂಬ ವೇಗ ಕೇಳಿದಾಗಲೇ ನನಗೆ ಇದು ಹೊಳೆಯಬೇಕಿತ್ತು.

ನಮ್ಮ ಮಲೆನಾಡಿನ ದೊಡ್ಡ ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಮಳೆಗಾಲದಲ್ಲಿ ಮಣ್ಣು ತುಂಬುವ ಹಾಗಿಲ್ಲ, ಕೆಸರು. ದೀಪಾವಳಿ ಆಸುಪಾಸು ಮಣ್ಣಿನಲ್ಲಿ ಹದವಾದ ಹಸಿ ಇರುತ್ತದೆ, ಆದರೆ ಆಗ ಎಲ್ಲರೂ ಅಡಿಕೆ ಕೊನೆಯ ಕೊಯ್ಲು, ಸುಲಿತದಲ್ಲಿ ಮುಳುಗಿರುತ್ತಾರೆ. ಕೈ ಬಿಡುವಾಗುವುದು ಫೆಬ್ರವರಿ ಮಾರ್ಚ್‌ಗೆ. ಅಷ್ಟರಲ್ಲಿ ಮಣ್ಣು ಧೂಳು, ಬಾವಿಯಲ್ಲಿ ನೀರು ಕೆಳಗೆ, ಟ್ಯಾಂಕರ್ ತರಿಸಿ ಮಣ್ಣಿಗೆ ಚೆಲ್ಲುವುದು ಯಾರಿಗೂ ಮನಸ್ಸಿಲ್ಲ. ಮಣ್ಣು ತುಂಬಲು ಅತಿ ಕೆಟ್ಟ ಕಾಲದಲ್ಲೇ ನಾವು ಮಣ್ಣು ತುಂಬುತ್ತೇವೆ. ಕೆಲಸವನ್ನು ನವೆಂಬರ್ ಡಿಸೆಂಬರ್‌ಗೆ ತಳ್ಳಿಕೊಳ್ಳಲು ಸಾಧ್ಯವಿದ್ದವರು ದಯವಿಟ್ಟು ಹಾಗೆ ಮಾಡಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಹದ ಎಂದರೇನು

ಎಷ್ಟು ಹಸಿ ಇರಬೇಕು ಎಂಬುದಕ್ಕೆ ಲೆಕ್ಕದ ಉತ್ತರ ಕೊಟ್ಟವನು ರಾಲ್ಫ್ ಪ್ರಾಕ್ಟರ್. ಅಮೆರಿಕದ ಲಾಸ್ ಏಂಜಲೀಸ್ ನಗರದ ನೀರು ಸರಬರಾಜಿಗಾಗಿ ಮಣ್ಣಿನ ಅಣೆಕಟ್ಟುಗಳನ್ನು ಕಟ್ಟುವ ಕೆಲಸದಲ್ಲಿದ್ದ ಎಂಜಿನಿಯರ್. 1933ರಲ್ಲಿ ಅವನು ಪ್ರಕಟಿಸಿದ ವಿಧಾನ ಇವತ್ತಿಗೂ ಜಗತ್ತಿನ ಎಲ್ಲ ಕಡೆ ನಡೆಯುತ್ತಿದೆ. ಅವನು ಕಂಡುಕೊಂಡದ್ದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅಕ್ಕಿರೊಟ್ಟಿಯ ಹಿಟ್ಟಿಗೆ ನೀರು ಕಡಿಮೆಯಾದರೆ ತಟ್ಟುವಾಗ ಅಂಚು ಒಡೆಯುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ, ನಡುವೆ ಒಂದು ಹದವಿದೆ. ಮಣ್ಣಿಗೂ ಹಾಗೆ. ಒಣಗಿದ್ದರೆ ಎಷ್ಟು ಬಡಿದರೂ ಹೆಂಟೆಗಳು ಬಗ್ಗುವುದಿಲ್ಲ. ನೀರು ಸೇರಿಸುತ್ತಾ ಹೋದರೆ ಅವು ಮೆತ್ತಗಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಹದ ಮೀರಿದರೆ ಸಂದಿಯಲ್ಲೆಲ್ಲ ನೀರೇ ತುಂಬಿ ಕಣಗಳಿಗೆ ಹತ್ತಿರ ಬರಲು ಜಾಗ ಇರುವುದಿಲ್ಲ. ಮೇಲೆ ನಡೆದರೆ ನೆಲ ರಬ್ಬರಿನ ಹಾಗೆ ತೊನೆಯುತ್ತದೆ.

ಭಾರತೀಯ ಮಾನದಂಡದ ಪ್ರಕಾರ ಈ ಪರೀಕ್ಷೆಯನ್ನು 1,000 ಘನ ಸೆಂಟಿಮೀಟರಿನ ಅಚ್ಚಿನಲ್ಲಿ ಮಾಡುತ್ತಾರೆ. ಮಣ್ಣನ್ನು ಮೂರು ಪದರವಾಗಿ ಹಾಕಿ, ಪ್ರತಿ ಪದರಕ್ಕೆ 2.6 ಕೆ.ಜಿ. ತೂಕದ ಗುದ್ದುಗವನ್ನು 31 ಸೆಂಟಿಮೀಟರ್ ಎತ್ತರದಿಂದ 25 ಸಲ ಬೀಳಿಸುತ್ತಾರೆ. ಹೆದ್ದಾರಿಗಳಿಗೆ ಇನ್ನೂ ಭಾರದ, 4.9 ಕೆ.ಜಿ.ಯ ಗುದ್ದುಗ, 45 ಸೆಂಟಿಮೀಟರ್ ಎತ್ತರ, ಐದು ಪದರ. ಹೀಗೆ ಸಿಕ್ಕ ಅತಿ ಹೆಚ್ಚಿನ ಸಾಂದ್ರತೆಯೇ ನೂರು ಅಂಕ. ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮದಲ್ಲಿ ರಸ್ತೆಯ ಏರಿಗೆ ಕನಿಷ್ಠ 95, ರಸ್ತೆ ಹಾಸಿನ ಕೆಳಗಿನ ಅರ್ಧ ಮೀಟರಿಗೆ 97 ಬೇಕು. ಲಾರಿ ಓಡುವ ರಸ್ತೆಗೆ ಇಷ್ಟು ಶಿಸ್ತು ಇದೆ. ಮಕ್ಕಳು ಮಲಗುವ ಮನೆಯ ಕೆಳಗೆ ಯಾರೂ ಅಳೆಯುವುದಿಲ್ಲ ಎನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ಪ್ರಯೋಗಾಲಯಕ್ಕೆ ಹೋಗಲು ಆಗದಿದ್ದರೆ ಕೈಯಲ್ಲೇ ನೋಡಬಹುದು. ಮಣ್ಣನ್ನು ಮುಷ್ಟಿಯಲ್ಲಿ ಬಲವಾಗಿ ಒತ್ತಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ಒಣಗಿದೆ. ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚು. ನಾಲ್ಕಾರು ಹೋಳಾದರೆ ಹದ ಹತ್ತಿರದಲ್ಲಿದೆ. ಒಂದು ಸೂಕ್ಷ್ಮ ಇಲ್ಲಿ ಹೇಳಲೇಬೇಕು. ಒಂದೇ ಸಾಂದ್ರತೆಗೆ ಬಡಿದ ಎರಡು ಮಣ್ಣುಗಳಲ್ಲಿ, ಹದಕ್ಕಿಂತ ಒಣಗಿದ್ದಾಗ ಬಡಿದದ್ದು ನೆನೆದಾಗ ಹೆಚ್ಚು ಕುಸಿಯುತ್ತದೆ. ಹದದಲ್ಲೋ ಅದಕ್ಕಿಂತ ಕೂದಲೆಳೆ ಹಸಿಯಾಗಿಯೋ ಬಡಿದದ್ದು ಕಡಿಮೆ. ‘ದೊಡ್ಡ ರೋಲರ್ ತರಿಸಿ ಒಣ ಮಣ್ಣನ್ನೇ ಗಟ್ಟಿ ಮಾಡಿಬಿಡೋಣ’ ಎಂಬ ಯೋಚನೆ ಅದಕ್ಕೇ ಅರ್ಧ ಮಾತ್ರ ಸರಿ.

ಇನ್ನೊಂದು ಸಂಗತಿ ಪದರದ ದಪ್ಪ. ಒಂದು ಗೇಣಿಗಿಂತ ದಪ್ಪ ಸಡಿಲ ಮಣ್ಣು ಹಾಕಬಾರದು. ಯಂತ್ರದ ಒತ್ತಡ ಕೆಳಗಿಳಿದಂತೆ ಹರಡಿ ಕ್ಷೀಣಿಸುತ್ತದೆ. ಹಿಟಾಚಿ ಮೂರು ಮೀಟರ್ ಮಣ್ಣನ್ನು ಒಟ್ಟಿಗೆ ನೂಕಿ, ಮೇಲೆ ಹತ್ತು ಸಲ ಓಡಾಡಿ, ಬಕೆಟ್‌ನ ಬೆನ್ನಿನಿಂದ ತಟ್ಟಿದರೆ ಗಟ್ಟಿಯಾಗುವುದು ಮೇಲಿನ ಅಡಿಯಷ್ಟು ಮಾತ್ರ. ಕೆಳಗೆ ಹೆಂಟೆ, ಪೊಳ್ಳು ಹಾಗೇ ಉಳಿಯುತ್ತವೆ. ಅಕ್ಕನ ಮನೆಯ ಅಂಗಳದಂಚಿನಲ್ಲಿ ಆಮೇಲೆ ಒಂದು ಗುಂಡಿ ತೋಡಿಸಿದೆ. ಮೊದಲ ಅಡಿ ಪಿಕಾಸಿಗೆ ಕಿಡಿ ಹಾರುವಷ್ಟು ಗಟ್ಟಿ. ಎರಡಡಿ ದಾಟಿದ ಮೇಲೆ ಗುದ್ದಲಿ ತಾನಾಗಿ ಇಳಿಯಿತು. ಐದಡಿಯಲ್ಲಿ ದರಗು, ಕರಡ, ಒಂದು ಹಲಸಿನ ಬೊಡ್ಡೆ. ಬೊಡ್ಡೆಯನ್ನು ಗೆದ್ದಲು ಅರ್ಧ ತಿಂದು ಮುಗಿಸಿತ್ತು.

ಸಾವಯವ ವಸ್ತುವನ್ನು ಮಣ್ಣಿನಡಿ ಹೂಳುವುದು ಮುಂದಿನ ಪೊಳ್ಳನ್ನು ಇವತ್ತೇ ಹೂತಿಟ್ಟ ಹಾಗೆ. ತುಂಬುವ ಮೊದಲು ಮೇಲ್ಮಣ್ಣು, ಬೇರು, ದರಗು ಎಲ್ಲ ಕೆರೆದು ತೆಗೆಯಬೇಕು. ಆ ಮೇಲ್ಮಣ್ಣು ತೋಟಕ್ಕೆ ಬಂಗಾರ, ಅಲ್ಲಿಗೆ ಒಯ್ಯಿರಿ. ಆಮೇಲೆ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಹುಲ್ಲಿನ ಇಳಿಜಾರಿನ ಮೇಲೆ ನೇರವಾಗಿ ಮಣ್ಣು ಸುರಿದರೆ ಹೊಸ ಮಣ್ಣು ಹಳೇ ನೆಲವನ್ನು ಕಚ್ಚಿಕೊಳ್ಳುವುದಿಲ್ಲ. ನೀರು ಎರಡರ ನಡುವೆ ಹರಿದು ಇಡೀ ರಾಶಿ ಕಣಿವೆಯ ಕಡೆಗೆ ಒಂದಿಷ್ಟು ಸರಿಯುತ್ತದೆ. ಅಂಗಳದಂಚಿಗೆ ಸಮಾನಾಂತರವಾಗಿ ಉದ್ದನೆಯ ಬಿರುಕು ಕಂಡರೆ ಅದು ಕೆಳಗೆ ಕೂರುವ ಬಿರುಕಲ್ಲ, ಪಕ್ಕಕ್ಕೆ ಜಾರುವ ಬಿರುಕು. ಅದನ್ನು ಕಂಡ ದಿನವೇ ತಿಳಿದವರನ್ನು ಕರೆಸಿ. ಮಳೆ ಜೋರಾಗಿದ್ದರೆ ಆ ಕಡೆಯ ಕೋಣೆಯಲ್ಲಿ ಮಲಗಬೇಡಿ.

ಮಣ್ಣಿನ ಮೇಲೆ ಏನನ್ನೂ ಕಟ್ಟಲಾಗದು ಎಂದು ಯಾರೂ ಭಾವಿಸಬಾರದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಐದನೇ ಶತಮಾನದ ಮಾತು. ಅಂದಿನಿಂದ ನಮ್ಮ ಸೀಮೆಯಲ್ಲಿ ಎಷ್ಟು ಕೆರೆಗಳಾದವೋ ಅಷ್ಟು ಮಣ್ಣಿನ ಏರಿಗಳಾದವು. ಬುಟ್ಟಿಯಲ್ಲಿ ಹೊತ್ತು ತಂದ ಮಣ್ಣು ತೆಳು ಪದರವಾಗಿಯೇ ಬೀಳುತ್ತದೆ. ಹೊತ್ತವರ ಕಾಲು, ದನಗಳ ಗೊರಸು ಅದನ್ನು ಪ್ರತಿದಿನ ತುಳಿಯುತ್ತವೆ. ಇವತ್ತು ಜಿಗುಟು ಮಣ್ಣಿಗೆ ಬಳಸುವ ಗುಬಟು ಗುಬಟಾದ ಕುರಿಗಾಲಿನ ರೋಲರ್ ಮಾಡುವುದೂ ಗೊರಸಿನ ಕೆಲಸವನ್ನೇ. ನಮ್ಮ ಮನೆಗಳ ಅಂಗಳವನ್ನೇ ನೋಡಿ, ಸುಗ್ಗಿಗೆ ಮುಂಚೆ ನೀರು ಚಿಮುಕಿಸಿ ಮರದ ಕೊರಡಿನಿಂದ ಬಡಿದು ಸಗಣಿ ಸಾರಿಸುತ್ತಿದ್ದರಲ್ಲ, ತೆಳು ಪದರ, ಹದದ ನೀರು, ಬಡಿತ, ಮೂರೂ ಅದರಲ್ಲಿವೆ.

ಗದ್ದೆ ತುಂಬಿದ ಸೈಟು

ಶಿವಮೊಗ್ಗ, ಸಾಗರದಂಥ ಪೇಟೆಗಳ ಅಂಚಿನಲ್ಲಿ ತೊಡಕಿನ ರೂಪ ಬೇರೆ. ಅಲ್ಲಿ ಗುಡ್ಡ ಕಡಿಯುವುದಕ್ಕಿಂತ ಗದ್ದೆ ತುಂಬುವುದು ಹೆಚ್ಚು. ಗದ್ದೆಯ ಮಣ್ಣು ತಲೆಮಾರುಗಟ್ಟಲೆ ಕೆಸರು ಕಲಸಿಕೊಂಡು ಬಂದ ಮೆದು ಜೇಡಿ. ಮೇಲೆ ಎಷ್ಟೇ ಚೆನ್ನಾಗಿ ಮಣ್ಣು ತುಂಬಿದರೂ ಕೆಳಗಿನದು ಹಿಂಡಿಕೊಳ್ಳುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಲೆಕ್ಕ ಇಲ್ಲಿದೆ. ದಮ್ಮಸು ಮಾಡಿದ ಹಸಿ ಮಣ್ಣು ಘನ ಮೀಟರಿಗೆ ಎರಡು ಟನ್ ಹತ್ತಿರ ತೂಗುತ್ತದೆ. ಒಂದು ಅಂತಸ್ತಿನ ಮನೆಯ ಭಾರವನ್ನು ಅದರ ವಿಸ್ತೀರ್ಣಕ್ಕೆ ಹಂಚಿದರೆ ಚದರ ಮೀಟರಿಗೆ ಒಂದರಿಂದ ಒಂದೂವರೆ ಟನ್. ಅಂದರೆ ಎರಡು ಮೀಟರ್ ಮಣ್ಣು ತುಂಬಿದಾಗ ಗದ್ದೆಯ ಮೇಲೆ ಮೂರು ಮನೆಯಷ್ಟು ಭಾರ ಆಗಲೇ ಬಿದ್ದಿರುತ್ತದೆ, ಒಂದು ಇಟ್ಟಿಗೆ ಇಡುವ ಮೊದಲೇ.

ಈ ಭಾರ ಮೊದಲು ಬೀಳುವುದು ಜೇಡಿಯ ಸಂದಿಯಲ್ಲಿರುವ ನೀರಿನ ಮೇಲೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಹೊರಗೆ ಹೋಗಬೇಕು, ಆದರೆ ಜೇಡಿಯ ಸಂದಿಗಳು ತೀರಾ ಸಣ್ಣವು. ನೀರು ಬಸಿದಷ್ಟೇ ಭಾರ ಮಣ್ಣಿನ ಕಣಗಳಿಗೆ ದಾಟುತ್ತದೆ, ಆಗ ನೆಲ ಕೂರುತ್ತದೆ. 1925ರಲ್ಲಿ ಕಾರ್ಲ್ ಟೆರ್ಜಾಗಿ ಇದನ್ನು ಗಣಿತಕ್ಕೆ ಇಳಿಸಿದ, ಮಣ್ಣಿನ ಎಂಜಿನಿಯರಿಂಗ್ ಎಂಬ ಶಾಸ್ತ್ರವೇ ಅಲ್ಲಿಂದ ಶುರು. ಅವನ ಲೆಕ್ಕದ ಮುಖ್ಯ ಫಲ ಇದು: ಜೇಡಿಯ ಪದರ ಎರಡರಷ್ಟು ದಪ್ಪವಾದರೆ ಕೂರಲು ಹಿಡಿಯುವ ಕಾಲ ನಾಲ್ಕರಷ್ಟಾಗುತ್ತದೆ. ಒಂದು ಮೀಟರ್ ಕೆಸರಿಗೆ ಒಂದು ವರ್ಷ ಸಾಕಾದರೆ ಮೂರು ಮೀಟರಿಗೆ ಒಂಬತ್ತು. ಮನೆ ಕಟ್ಟಿ ಆರೇಳು ವರ್ಷದ ಮೇಲೆ ಹೊಸ ಬಿರುಕು ಬರುವುದುಂಟು. ಗದ್ದೆ ತುಂಬಿದ ಸೈಟಿನಲ್ಲಿ ಆಗ ‘ಮೇಸ್ತ್ರಿ ಸಿಮೆಂಟ್ ಕಡಿಮೆ ಹಾಕಿದ’ ಎಂದು ಬೈಯುವ ಮೊದಲು ಕೆಳಗಿನ ಕೆಸರನ್ನು ನೆನಪಿಸಿಕೊಳ್ಳಬೇಕು. ರಸ್ತೆ ಸೇತುವೆಯನ್ನೋ ಮೋರಿಯನ್ನೋ ಕೂಡುವ ಕಡೆ ಬೈಕು ಎಗರುವುದೂ ಇಂಥದ್ದೇ. ಸೇತುವೆ ಬಂಡೆಗೆ ಕಾಲಿಟ್ಟು ನಿಂತಿರುತ್ತದೆ, ಪಕ್ಕದ ಮಣ್ಣು ಕೂರುತ್ತದೆ.

ಹೊನ್ನಾಳಿಯ ಕಡೆಯ ಎರೆ ಮಣ್ಣಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅದು ನೆನೆದಾಗ ಉಬ್ಬಿ ನೆಲ ಎತ್ತುತ್ತದೆ. ಆ ಮಣ್ಣನ್ನು ಪಾಯದ ಒಳಗೆ ತುಂಬಬಾರದು ಎಂದಷ್ಟೇ ಇಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ.

ಗೋಡೆ ಬಿರಿಯುವುದು ಕೂತದ್ದಕ್ಕಲ್ಲ

ಇಡೀ ಮನೆ ಒಂದೇ ಸಮನಾಗಿ 5 ಸೆಂಟಿಮೀಟರ್ ಕೂತರೆ ಗೋಡೆಗೆ ಏನೂ ಆಗುವುದಿಲ್ಲ. ಹೊರಗಿನ ಪೈಪು ಎಳೆದಂತಾಗಬಹುದು, ಅಷ್ಟೆ. ಗೋಡೆ ಬಿರಿಯುವುದು ಒಂದು ಕಡೆ ಕೂತು ಇನ್ನೊಂದು ಕಡೆ ಕೂರದಿದ್ದಾಗ. ಎಂಜಿನಿಯರುಗಳು ಇದಕ್ಕೆ ಒಂದು ಅಳತೆ ಇಟ್ಟುಕೊಂಡಿದ್ದಾರೆ: ಎರಡು ಬಿಂದುಗಳ ನಡುವಿನ ಕುಸಿತದ ವ್ಯತ್ಯಾಸ, ಅವುಗಳ ನಡುವಿನ ದೂರದ ಐನೂರನೇ ಒಂದು ಭಾಗದೊಳಗಿದ್ದರೆ ಗೋಡೆ ಸುರಕ್ಷಿತ. ಮುನ್ನೂರನೇ ಒಂದು ಭಾಗ ಮುಟ್ಟಿದರೆ ಬಿರುಕು ಶುರು. ಮೂರು ಮೀಟರಿನ ಕೋಣೆಗೆ ಇದು ಎಷ್ಟಾಯಿತು? ಬರೀ ಒಂದು ಸೆಂಟಿಮೀಟರ್. ಕಿರುಬೆರಳಿನ ಅಗಲ.

ಈಗ ಅರ್ಧ ಧರೆ, ಅರ್ಧ ತುಂಬಿದ ಮಣ್ಣಿನ ಮನೆಯನ್ನು ಯೋಚಿಸಿ. ಹಿಂದಿನ ಅಡುಗೆಮನೆ ಹುಟ್ಟು ನೆಲದ ಮೇಲಿದೆ, ಅದು ಅಲುಗುವುದಿಲ್ಲ. ಮುಂದಿನ ಜಗಲಿ ಮೂರು ಮೀಟರ್ ತುಂಬಿದ ಮಣ್ಣಿನ ಮೇಲಿದೆ, 5 ಸೆಂಟಿಮೀಟರ್ ಕೂರುತ್ತದೆ. ನಡುವೆ ಎಲ್ಲೋ ಒಂದು ಗೋಡೆ ಆ ವ್ಯತ್ಯಾಸವನ್ನೆಲ್ಲ ತಾನೇ ನುಂಗಬೇಕು. ಅಕ್ಕನ ಮನೆಯಲ್ಲಿ ಅದು ನಡುಮನೆಯ ಗೋಡೆಯಾಗಿತ್ತು. ಕಿಟಕಿಯ ಮೂಲೆಯಿಂದ ಯಾಕೆ ಎಂದರೆ, ಗೋಡೆಯಲ್ಲಿ ತೂತು ಇರುವ ಕಡೆ ಎಳೆತ ಮೂಲೆಗಳಲ್ಲಿ ಜಮೆಯಾಗುತ್ತದೆ. ಹೊಸ ಬಟ್ಟೆಯನ್ನು ಕತ್ತರಿಯ ಗೀರಿನಿಂದ ಹರಿಯುತ್ತೇವಲ್ಲ, ಹಾಗೆ.

ಬಿರುಕನ್ನು ಓದಲು ಕಲಿಯಬಹುದು. ಓರೆ ಬಿರುಕು ಮೇಲಕ್ಕೆ ಏರುತ್ತಾ ಯಾವ ಕಡೆಗೆ ವಾಲಿದೆಯೋ ಆ ಕಡೆಯ ನೆಲ ಕೂತಿದೆ. ಮನೆಯ ತುದಿ ಕೂತಿದ್ದರೆ ಬಿರುಕು ಮೇಲ್ಗಡೆ ಅಗಲ, ನಡು ಕೂತಿದ್ದರೆ ಕೆಳಗಡೆ ಅಗಲ. ಗೋಡೆಯಲ್ಲಿ ಏನೂ ಇಲ್ಲ, ನೆಲದ ಟೈಲ್ಸ್ ಮಾತ್ರ ತಗ್ಗಾಗಿ, ತಟ್ಟಿದರೆ ಟೊಳ್ಳು ಸದ್ದು ಬರುತ್ತಿದ್ದರೆ ಪಾಯ ಸರಿಯಿದೆ, ಪಾಯದ ಒಳಗೆ ತುಂಬಿದ ಮಣ್ಣು ಕೂತಿದೆ. ಪಾಯದೊಳಗೆ ಮಣ್ಣು ತುಂಬಿಸಿ ನೀರು ಕಟ್ಟಿ ಎರಡು ದಿನ ಬಿಡುವ ರೂಢಿ ನಮ್ಮಲ್ಲಿದೆ. ಮರಳಿಗೆ, ಗರಸಿಗೆ ಅದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಜಿಗುಟಿನ ಕೆಂಪು ಮಣ್ಣಿಗೆ ಮಾಡುವುದಿಲ್ಲ. ಮೇಲೆ ಕೆಸರಾಗಿ ಮುಚ್ಚಿಕೊಳ್ಳುತ್ತದೆ, ಕೆಳಗೆ ಒಣಗಿಯೇ ಇರುತ್ತದೆ. ಅಲ್ಲೂ ಗೇಣು ಗೇಣು ಹಾಕಿ, ಬಾಡಿಗೆಗೆ ಸಿಗುವ ಸಣ್ಣ ರ‍್ಯಾಮರ್ ಯಂತ್ರದಲ್ಲಿ ಬಡಿಸುವುದೇ ಸರಿ.

‘ಒಂದು ಮಳೆ ಕುಡೀಲಿ, ಆಮೇಲೆ ಕಟ್ಟಿ’ ಎನ್ನುವ ಹಳಬರ ಮಾತು ನನಗೆ ಗೌರವದ ಮಾತು. ಅದರಲ್ಲಿ ನೆನೆದ ಕುಸಿತದ ಅರಿವು ಇದೆ. ಹಳಬರು ತುಂಬುತ್ತಿದ್ದದ್ದು ಮೊಳದೆತ್ತರ, ಎರಡು ಮೊಳದೆತ್ತರ. ಅಷ್ಟಕ್ಕೆ ಒಂದು ಮಳೆಗಾಲ ಸಾಕು. ಹಿಟಾಚಿ ತುಂಬುವ ಹತ್ತು ಹನ್ನೆರಡು ಅಡಿಗೆ ಸಾಲದು. ಮೇಲಿನ ಗಟ್ಟಿ ಪದರದ ಮೇಲೆ ಮಳೆನೀರು ಹರಿದುಹೋಗುತ್ತದೆಯೇ ಹೊರತು ತಳದವರೆಗೆ ಇಳಿಯುವುದಿಲ್ಲ. ಮುಂದೆ ಎಂದೋ ಬಚ್ಚಲ ಪೈಪು ಒಡೆದಾಗ, ಶೌಚದ ಪಿಟ್ಟಿನ ನೀರು ಇಂಗಿದಾಗ ಇಳಿಯುತ್ತದೆ. ತನ್ನ ಭಾರಕ್ಕೆ ತಾನೇ ಕೂರುವ ನಿಧಾನದ ಇಳಿತವೂ ಬೇಗ ನಿಲ್ಲುವುದಿಲ್ಲ. ಒಂದರಿಂದ ಹತ್ತನೇ ತಿಂಗಳವರೆಗೆ ಎಷ್ಟು ಕೂರುತ್ತದೋ, ಹತ್ತರಿಂದ ನೂರನೇ ತಿಂಗಳವರೆಗೆ ಹೆಚ್ಚುಕಡಿಮೆ ಅಷ್ಟೇ ಕೂರುತ್ತದೆ. ಕಾಯುವುದು ಒಳ್ಳೆಯದೇ, ಆದರೆ ಕಾಯುವುದು ದಮ್ಮಸಿಗೆ ಬದಲಿಯಲ್ಲ.

ನೀರಿಗೆ ದಾರಿ

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಒಂದೇ ಜಿಲ್ಲೆಯೊಳಗೆ ಏಳು ಪಟ್ಟು ವ್ಯತ್ಯಾಸ ಇರುವಾಗ ಪೇಟೆಯ ಮನೆಯ ನಕ್ಷೆಯನ್ನು ಹಾಗೇ ಒಯ್ದು ಘಟ್ಟದಂಚಿನಲ್ಲಿ ಕಟ್ಟುವುದು ತಪ್ಪು. ಸಾವಿರ ಚದರಡಿಯ ಸೂರಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ಮಲೆನಾಡಿನಲ್ಲಿ ಅಂಥ ದಿನಗಳು ಆಷಾಢದಲ್ಲಿ ಸಾಲಾಗಿ ಬರುತ್ತವೆ. ಸೂರಿನಂಚಿಗೆ ನೀರು ಹಿಡಿಯುವ ದೋಣಿ ಕಟ್ಟದಿದ್ದರೆ ಆ ನೀರೆಲ್ಲ ಪಾಯದ ಬುಡಕ್ಕೇ ಬೀಳುತ್ತದೆ, ದಿನವೂ.

ಮುಂದೆ ಕಟ್ಟುವ ತಡೆಗೋಡೆಗೂ ನೀರೇ ಶತ್ರು. ಮೂರು ಮೀಟರ್ ಎತ್ತರದ ಗೋಡೆಯನ್ನು ಒಣ ಮಣ್ಣು ಪ್ರತಿ ಮೀಟರ್ ಉದ್ದಕ್ಕೆ ಎರಡೂಮುಕ್ಕಾಲು ಟನ್ ಹತ್ತಿರ ತಳ್ಳುತ್ತದೆ. ಹಿಂದೆ ನೀರು ಪೂರ್ತಿ ನಿಂತರೆ ಅದು ಐದೂಮುಕ್ಕಾಲು ದಾಟುತ್ತದೆ. ಗೋಡೆಯಲ್ಲಿ ನೀರು ಬಸಿಯುವ ಕಂಡಿಗಳು, ಅವುಗಳ ಹಿಂದೆ ಜಲ್ಲಿಯ ಪದರ ಇದ್ದರೆ ಈ ಎರಡನೇ ಭಾರ ಬರುವುದೇ ಇಲ್ಲ. ಕಂಡಿ ಇಟ್ಟು ಹಿಂದೆ ಬರೀ ಮಣ್ಣು ತುಂಬಿದರೆ ಎರಡು ವರ್ಷದಲ್ಲಿ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ನಿಮ್ಮ ತಡೆಗೋಡೆಯ ಕಂಡಿಗಳಿಂದ ನೀರು ಸುರಿಯುತ್ತಿದ್ದರೆ ಸಂತೋಷಪಡಿ. ಸುತ್ತಲೂ ಜಲ ಎದ್ದಿರುವಾಗ ಕಂಡಿಗಳು ಒಣಗಿದ್ದರೆ ಚಿಂತಿಸಿ.

ಧರೆಯ ಬುಡದಲ್ಲಿ ಅಗಳು ತೆಗೆದು, ಗುಡ್ಡದಿಂದ ಬರುವ ನೀರನ್ನು ಮನೆ ಮುಟ್ಟುವ ಮೊದಲೇ ಪಕ್ಕಕ್ಕೆ ತಿರುಗಿಸಬೇಕು. ಇಂಗುಗುಂಡಿಗಳ ಬಗ್ಗೆ ನನಗೆ ಪ್ರೀತಿ ಇದೆ, ಆದರೆ ಧರೆಯ ನೆತ್ತಿಯಲ್ಲಾಗಲಿ ತುಂಬಿದ ಮಣ್ಣಿನಲ್ಲಾಗಲಿ ತೋಡಬೇಡಿ. ಶೌಚದ ಪಿಟ್ಟಿಗೂ ಅದೇ ಮಾತು.

ಹೊಸದಾಗಿ ಕಟ್ಟುವವರು ನನ್ನನ್ನು ಕೇಳಿದರೆ ಮೊದಲು ಹೇಳುವುದು, ಮನೆಯನ್ನು ಪೂರ್ತಿ ಕಡಿದ ನೆಲದ ಮೇಲೆ ಕೂರಿಸಿ. ತುಂಬಿದ ಮಣ್ಣನ್ನು ಅಂಗಳಕ್ಕೆ, ಹೂಗಿಡಕ್ಕೆ, ಕಾರಿಗೆ ಬಿಡಿ. ಅಂಗಳ ನಾಲ್ಕು ಬೆರಳು ಕೂತರೆ ಮತ್ತೊಂದು ಬುಟ್ಟಿ ಮಣ್ಣು ಹಾಕಿದರಾಯಿತು. ಇದಕ್ಕೆ ಧರೆಯನ್ನು ಇನ್ನಷ್ಟು ಒಳಗೆ ಕಡಿಯಬೇಕಾಗಿ ಅದು ಅಪಾಯದ ಎತ್ತರಕ್ಕೆ ಹೋಗುತ್ತದೆ ಎಂದಾದರೆ ಮನೆಯನ್ನು ಸಣ್ಣದು ಮಾಡಿ, ಇಲ್ಲವೇ ಎರಡು ಮಟ್ಟದಲ್ಲಿ ಕಟ್ಟಿ. ನಮ್ಮ ಹಳೇ ಮನೆಗಳಲ್ಲಿ ಜಗಲಿಯಿಂದ ನಡುಮನೆಗೆ, ಅಲ್ಲಿಂದ ಒಳಕ್ಕೆ ಮೆಟ್ಟಿಲು ಹತ್ತುತ್ತಿದ್ದೆವಲ್ಲ, ಇಳಿಜಾರಿನ ಮಾತನ್ನು ಕೇಳಿ ಕಟ್ಟಿದ ಮನೆಗಳವು. ಅದೂ ಆಗದಿದ್ದರೆ ಕಾಂಕ್ರೀಟ್ ಕಂಬಗಳನ್ನು ತುಂಬಿದ ಮಣ್ಣು ದಾಟಿಸಿ ಹುಟ್ಟು ನೆಲಕ್ಕೆ ಇಳಿಸಿ, ಪ್ಲಿಂತ್ ಬೀಮಿನಿಂದ (ಪಾಯದ ಮಟ್ಟದ ಕಾಂಕ್ರೀಟ್ ತೊಲೆಯಿಂದ) ಬಿಗಿದು ಅದರ ಮೇಲೆ ಗೋಡೆ ಎತ್ತಬೇಕು. ಕೂರುವ ಮಣ್ಣು ಕಂಬವನ್ನೂ ಕೆಳಕ್ಕೆ ಜಗ್ಗುತ್ತದೆ, ಆ ಭಾರವನ್ನು ಎಂಜಿನಿಯರ್ ಲೆಕ್ಕದಲ್ಲಿ ಸೇರಿಸಿದ್ದಾರೆಯೇ ಎಂದು ಕೇಳಿ. ಪದರ ಪದರಕ್ಕೂ ಸಾಂದ್ರತೆ ಅಳೆಯುವುದು ದೊಡ್ಡ ವಿದ್ಯೆಯಲ್ಲ. 10 ಸೆಂಟಿಮೀಟರ್ ಅಗಲದ ಉಕ್ಕಿನ ಕೊಳವೆ ಬಡಿದು ಮಣ್ಣು ತೆಗೆದು, ತೂಗಿ, ಒಣಗಿಸಿ ಮತ್ತೆ ತೂಗುವುದು. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇದಕ್ಕೆ ಬೇಕಾದ ಸಲಕರಣೆ ಇದೆ.

ಆಗಲೇ ಬಿರಿದ ಮನೆಯಲ್ಲಿ ಮೊದಲು ಬಿರುಕಿಗೆ ಸಿಮೆಂಟ್ ತುಂಬಲು ಹೋಗಬೇಡಿ. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಸುವ ಸಾಕ್ಷಿ ಅದೊಂದೇ. ಅಕ್ಕನ ಮನೆಯಲ್ಲಿ ನಾವು ಬಿರುಕಿನ ಎರಡೂ ದಡಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆದೆವು, ಮೂರು ಕಡೆ ತೆಳು ಗಾಜಿನ ಪಟ್ಟಿ ಅಂಟಿಸಿದೆವು. ಬಿರುಕು ಒಂದಿಷ್ಟು ಬಾಯಿಬಿಟ್ಟರೂ ಗಾಜು ಒಡೆಯುತ್ತದೆ. ಆಮೇಲೆ ಮಾಡಿದ್ದೆಲ್ಲ ನೀರಿನ ಕೆಲಸವೇ. ಸೂರಿಗೆ ದೋಣಿ, ದೋಣಿಯಿಂದ ಪೈಪು, ಪೈಪು ತುಂಬಿದ ಮಣ್ಣು ದಾಟಿ ತೋಟದ ಕಪ್ಪಿಗೆ, ಅಂದರೆ ಬಸಿಗಾಲುವೆಗೆ. ಹಿಂದಿನ ಅಗಳಿಗೆ ಕಲ್ಲು ಕಟ್ಟಿಸಿದೆವು. ಬಚ್ಚಲ ನೀರಿನ ಗುಂಡಿ ಮುಚ್ಚಿ ಪಕ್ಕದ ಹುಟ್ಟು ನೆಲಕ್ಕೆ ಸಾಗಿಸಿದೆವು. ಪಾಯದ ಕೆಳಗೆ ಸಿಮೆಂಟ್ ಹಾಲು ಒತ್ತುವ, ಹೊಸ ಕಂಬ ಇಳಿಸುವ ವಿಧಾನಗಳೂ ಇವೆ, ಅವು ದುಬಾರಿ. ನೀರಿಗೆ ದಾರಿ ಮಾಡದೆ ಅವನ್ನು ಮಾಡಿಸಿದರೆ ದುಡ್ಡೂ ನೀರಿನ ಜೊತೆ ಹೋಗುತ್ತದೆ.

ಮೊದಲ ಮಳೆಗಾಲದಲ್ಲಿ ಮೂರು ಗಾಜಿನ ಪಟ್ಟಿಗಳಲ್ಲಿ ಎರಡು ಒಡೆದವು. ಎರಡನೆಯದರಲ್ಲಿ ಒಂದು. ಒಡೆದದ್ದರ ಜಾಗಕ್ಕೆ ಹೊಸದು ಅಂಟಿಸಿದೆವು. ಈ ಸಲ ಆಶ್ಲೇಷ ಮಳೆ ಮುಗಿದ ಮೇಲೆ ಹೋಗಿ ನೋಡಿದೆ. ಗಾಜು ಮೂರೂ ಹಾಗೇ ಇದ್ದವು, ಪೆನ್ಸಿಲ್ ಗೆರೆಗಳ ನಡುವಿನ ದೂರ ಕಳೆದ ವರ್ಷದಷ್ಟೇ, ನಾಲ್ಕು ಮಿಲಿಮೀಟರ್. ಗೋಡೆಗೆ ಬಣ್ಣ ಹೊಡೆಸಬಹುದಾ ಎಂದು ಅಕ್ಕ ಕೇಳಿದಳು. ಇನ್ನೊಂದು ಪುನರ್ವಸು ಕಳೆಯಲಿ ಅಕ್ಕ ಅಂದೆ.